182ನೆಯ ದಿನ

ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯುತ್ತ ಅಲ್ಲಿನ ಕನ್ನಡವನ್ನೂ ಕಲಿತಿದ್ದ ಜರ್ಮನ್ ಸಾಹೇಬರು ಆಧಾರ್ ಕಿಟಕಿ ಮುಂದೆ ನಿಂತರು.

“ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ರಾ ಸಾರ್?”

“ಇದ್ದೆ. ಅದರಲ್ಲಿ ಎರಡು ವಾರ ನಿಮ್ಮ ಬೆಂಚಿನ ಮೇಲೇ.”

“ಬಾಡಿಗೆ ಕರಾರು?”

“ಓನರ್ರು ‘ಮೊದ್ಲು ಆಧಾರ್ ತನ್ನಿ’ ಅಂತಾರೆ.”

“ನಾವು ‘ಮೊದ್ಲು ಕರಾರು’ ಅಂತೀವಿ. ಇಬ್ರೂ ಸರಿ, ಬಿಡಿ.”

(ಮುಂಗಡ ಏರಿದ ಮೇಲೆ ಓನರ್ರು ಕರಗಿದರು.)

“ಹತ್ತೂ ಬೆರಳು ಇಡಿ. ಊಹ್ಞೂಂ, ತಗೋತಿಲ್ಲ. ತಲೆಗೂದಲಿಗೆ ಉಜ್ಜಿ ಇಡಿ.”

“ನಂದು ಬೋಳು.”

“ಹಾಗಾದ್ರೆ ನನ್ನ ತಲೆಗೇ ಉಜ್ಜಿ.”

“ಇನ್ನು ನಾನು ಭಾರತೀಯನಾ?”

“ಛೆ! ಇದು ಗುರುತಿಗೆ ಪುರಾವೆ, ಪೌರತ್ವಕ್ಕಲ್ಲ. ವೀಸಾ ಮುಗಿದ್ರೆ ಇದೂ ಮುಗೀತು. ಯಾವಾಗ ಮುಗಿಯತ್ತೆ?”

“ನಾಡಿದ್ದು.”

“ಸರಿ. ಕಾರ್ಡು ಪೋಸ್ಟಲ್ಲಿ ಬರತ್ತೆ, ಮನೇಲೇ ಇರಿ.”