ರೈತನಲ್ಲದವನ ವ್ಯಾಜ್ಯ

ಟ್ವಿಟರ್ ರೈತನಲ್ಲ. ಇದು ನನ್ನ ಸಂಶೋಧನೆಯಲ್ಲ. 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಆ ಕಂಪನಿಗೇ ತಿಳಿಹೇಳಿದ್ದು. ನೀವು ರೈತರಲ್ಲ, ಶತಕೋಟಿ ಡಾಲರಿನ ಕಂಪನಿ ಎಂದು ನೆನಪಿಸಿ, ಖಾತೆ ಮತ್ತು ಟ್ವೀಟುಗಳನ್ನು ತಡೆಯುವ ಕೇಂದ್ರದ ಆದೇಶಗಳ ವಿರುದ್ಧದ ಅರ್ಜಿ ವಜಾ ಮಾಡಿ, 50 ಲಕ್ಷ ರೂಪಾಯಿ ದಂಡವನ್ನೂ ಹಾಕಿದರು. ಬಾಬಾಬುಡನ್‌ಗಿರಿಯ ತಪ್ಪಲಿನ ನಮಗೆ ಓದಿ ಖುಷಿಯೇ ಆಯಿತು. ರೈತನಾಗಿದ್ದರೆ ಕಾನೂನು ತಿಳಿಯದಿದ್ದುದಕ್ಕೆ ಒಂದಿಷ್ಟು ರಿಯಾಯಿತಿ ಸಿಗುತ್ತಿತ್ತು ಎಂದಾಯಿತಲ್ಲ! ಬಗರ್‌ಹುಕುಂ ಸಾಗುವಳಿಯ ಸಕ್ರಮಕ್ಕೆ ಫಾರಂ 57 ಹಿಡಿದು ಸಾಲಿನಲ್ಲಿ ನಿಂತವರಿಗೆ ಈ ರಿಯಾಯಿತಿಯ ಸುದ್ದಿ ಯಾರೂ ಮುಟ್ಟಿಸಿಲ್ಲ.

ತಮಾಷೆ ಇರುವುದು ಮುಂದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ತಡೆಯಲು ಹೇಳಿದ್ದ ಖಾತೆಗಳಲ್ಲಿ ದೆಹಲಿಯ ರೈತ ಚಳವಳಿಗೆ ಸೇರಿದವು ಸಾಕಷ್ಟಿದ್ದವು. ಬರೆದವನಿಗೆ ಅಥವಾ ಜಾಲತಾಣಕ್ಕೆ ನೋಟಿಸು ಕೊಟ್ಟರೆ ಸಾಕು ಎನ್ನುತ್ತವೆ ಇಂಥ ತಡೆ ಆದೇಶಗಳ 2009ರ ನಿಯಮಗಳು. ಆ ‘ಅಥವಾ’ ಇರುವಾಗ ಬರೆದವನ ಮನೆ ಹುಡುಕಿಕೊಂಡು ಹೋಗುವ ಕಷ್ಟ ಯಾರಿಗೆ ಬೇಕು? ಮೇಲಿಂದ ಎಲ್ಲವೂ ಗುಟ್ಟಾಗಿರಬೇಕೆಂಬ ಕಟ್ಟಳೆ ಬೇರೆ. ಹೀಗಾಗಿ ಬರೆದದ್ದು ರೈತ, ನೋಟಿಸು ಹೋದದ್ದು ರೈತನಲ್ಲದವನಿಗೆ.

ಕಳಸದ ನನ್ನ ಭಾವ ಅಪ್ಪಟ ರೈತರು. ತೋಟದಲ್ಲಿ ಬೋರರ್ ಹಿಡಿದ ಅರೇಬಿಕಾ ಗಿಡಗಳ ಫೋಟೋವನ್ನು ಜಾಲತಾಣವೊಂದಕ್ಕೆ ಹಾಕಿ, ‘ಒಂದನ್ನೂ ಉಳಿಸಬೇಡಿ, ಬುಡಸಮೇತ ಕಿತ್ತು ಸುಟ್ಟುಹಾಕಿ’ ಎಂದು ಬರೆದರು. ಹುಳ ಕಾಂಡದೊಳಗೆ ಸುರಂಗ ಕೊರೆದು ಕೂತ ಮೇಲೆ ಬೇರೆ ದಾರಿಯಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರ ಸಲಹೆಯೂ ಇದೇ. ಕಾಫಿ ಕುಡಿದು ಬರುವಷ್ಟರಲ್ಲಿ ಪೋಸ್ಟ್ ಮಾಯ. ಹಿಂಸೆಗೆ ಪ್ರಚೋದನೆಯಂತೆ.

ಅದೇ ತಿಂಗಳು ದತ್ತ ಜಯಂತಿ. ಗಿರಿಯ ಮೇಲೆ ಯಾರು ಪೂಜೆ ಮಾಡಬೇಕು, ಯಾರು ಫಾತಿಹಾ ಓದಬೇಕು ಎಂದು, ಕೈಮರದಿಂದ ಗಿರಿಗೆ ಎಡಕ್ಕೋ ಬಲಕ್ಕೋ ಎಂಬುದೂ ಗೊತ್ತಿಲ್ಲದ ವೀರರು ಒಬ್ಬರನ್ನೊಬ್ಬರು ಹೂಳುವ, ಸೀಳುವ ಮಾತನ್ನು ಸ್ವಚ್ಛ ಕನ್ನಡದಲ್ಲಿ ಬರೆದರು. ಅವು ಈಗಲೂ ಇದ್ದ ಹಾಗೇ ಇವೆ. ಗಿಡಕ್ಕೆ ಇರುವ ರಕ್ಷಣೆ ನೆರೆಯವನಿಗಿಲ್ಲ.

ಜಾಲತಾಣಗಳ ಯಂತ್ರಕ್ಕೆ ಕನ್ನಡ ಎಷ್ಟು ಬರುತ್ತದೆ ಎಂಬುದು 2025ರ ಜುಲೈನಲ್ಲೇ ಗೊತ್ತಾಗಿತ್ತು. ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡದಲ್ಲಿ ಸಂತಾಪ ಬರೆದರೆ, ಮೆಟಾದ ಅನುವಾದ ಯಂತ್ರ ಅವರನ್ನೇ ತೀರಿಸಿಬಿಟ್ಟಿತು. ಕಂಪನಿ ಕ್ಷಮೆ ಕೇಳಿತು. ಮುಖ್ಯಮಂತ್ರಿಗೆ ತಾನು ಬದುಕಿದ್ದೇನೆ ಎಂದು ಪತ್ರ ಬರೆಸಲು ಮಾಧ್ಯಮ ಸಲಹೆಗಾರರಿದ್ದಾರೆ. ನಮ್ಮ ಭಾವನಿಗಿರುವುದು ನಾನೊಬ್ಬ.

ಅಷ್ಟರಲ್ಲಿ ಟ್ವಿಟರ್ ಎಕ್ಸ್ ಎಂದು ಹೆಸರು ಬದಲಿಸಿಕೊಂಡು ಮತ್ತೆ ಅದೇ ಹೈಕೋರ್ಟಿಗೆ ಬಂದಿತ್ತು, ಈ ಸಲ ಜಾಲತಾಣಗಳಿಗೆ ಸರ್ಕಾರ ತಡೆ ಸೂಚನೆ ಕಳಿಸುವ ‘ಸಹಯೋಗ್’ ಪೋರ್ಟಲಿನ ವಿರುದ್ಧ. ವಿಚಾರಣೆ ವೇಳೆ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ‘ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ’ ಎಂಬ ನಕಲಿ ಖಾತೆಯನ್ನು ತೋರಿಸಿ, ಎಕ್ಸ್ ಇದಕ್ಕೆ ಮಾನ್ಯತೆಯನ್ನೂ ಕೊಟ್ಟಿದೆ ನೋಡಿ ಎಂದರು. ಇಲ್ಲದ ಕೋರ್ಟಿಗೆ ಸಿಕ್ಕ ಮರ್ಯಾದೆ ಇರುವ ಕಾಫಿ ಗಿಡಕ್ಕೆ ಸಿಗಲಿಲ್ಲ. ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಅರ್ಜಿಯನ್ನೂ ವಜಾ ಮಾಡಿದರು: 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರದ್ದು, ವಿದೇಶಿ ಕಂಪನಿ ಅದನ್ನು ಕೇಳುವಂತಿಲ್ಲ. ಒಪ್ಪಿದೆ. ಎರಡು ವ್ಯಾಜ್ಯ ಸೇರಿ ಕಂಪನಿ ರೈತನೂ ಅಲ್ಲ, ನಾಗರಿಕನೂ ಅಲ್ಲ ಎಂದು ಇತ್ಯರ್ಥವಾಯಿತು. ರೈತನೂ ನಾಗರಿಕನೂ ಆಗಿರುವವನು ಮಾತ್ರ ಎರಡರಲ್ಲೂ ಕಕ್ಷಿದಾರನಲ್ಲ. ಅವನ ಪರವಾಗಿ ಮಾತಾಡುತ್ತೇನೆಂದು ಕಂಪನಿ, ಅವನನ್ನು ಕಾಯುತ್ತೇನೆಂದು ಸರ್ಕಾರ, ಇಬ್ಬರೂ ಒಳ್ಳೊಳ್ಳೆಯ ವಕೀಲರನ್ನು ಇಟ್ಟುಕೊಂಡಿದ್ದಾರೆ. ಪೋಸ್ಟ್ ಯಾಕೆ ಹೋಯಿತೆಂದು ಅವನಿಗೆ ಹೇಳುವ ಪುರುಸೊತ್ತು ಇಬ್ಬರಿಗೂ ಇಲ್ಲ.

ಭಾವನಿಗೆ ದಾರಿಯೇ ಇಲ್ಲ ಎಂದಲ್ಲ. ಜಾಲತಾಣಗಳಿಗಾಗಿ 2021ರ ನಿಯಮಗಳನ್ನು ಬರೆದಾಗ ಹೇಳಿದ್ದು ಹೀಗೆ: ಕಂಪನಿಯ ಕುಂದುಕೊರತೆ ಅಧಿಕಾರಿ 24 ಗಂಟೆಯೊಳಗೆ ದೂರು ತಲುಪಿತು ಎನ್ನಬೇಕು, 15 ದಿನದೊಳಗೆ ಇತ್ಯರ್ಥ ಮಾಡಬೇಕು. ಸಮಾಧಾನವಾಗದಿದ್ದರೆ 2023ರ ಜನವರಿಯಲ್ಲಿ ಕೇಂದ್ರ ರಚಿಸಿದ ಮೂರು ಮೇಲ್ಮನವಿ ಸಮಿತಿಗಳಿವೆ. ಇದನ್ನೆಲ್ಲ ವಿವರಿಸಿದೆ. ಭಾವ ಬೆರಳು ಮಡಚಿ ಲೆಕ್ಕ ಹಾಕಿದರು. “ಬೋರರ್ ದುಂಬಿ ಹಾರೋದು ಏಪ್ರಿಲ್-ಮೇನಲ್ಲಿ ಒಂದ್ಸಲ, ಅಕ್ಟೋಬರಿಂದ ಡಿಸೆಂಬರ್ ಒಳಗೆ ಇನ್ನೊಂದ್ಸಲ. ನಿನ್ನ ಸಮಿತಿ ಕೂರೋದು ಯಾವಾಗ ಮಾರಾಯ?”

ಆದರೂ ದೂರು ಕೊಟ್ಟರು. ಉತ್ತರ ನಿಮಿಷದೊಳಗೆ ಬಂತು: ಪರಿಶೀಲಿಸಿದ್ದೇವೆ, ನಿರ್ಧಾರ ಬದಲಾಗದು, ನಮ್ಮ ಸಮುದಾಯದ ಸುರಕ್ಷತೆಯೇ ನಮಗೆ ಮುಖ್ಯ.

“ಯಾವ ಸಮುದಾಯ?” ಎಂದರು ಭಾವ. “ಹುಳದ್ದಾ?”