ಅನಾಟಮಿಯಲ್ಲಿ ಡುಮ್ಕಿ ಹೊಡೆಯಲಿರುವವಳು ಬಂಧುಬಳಗಕ್ಕೆ ಬರೆದ ಬಹಿರಂಗ ಪತ್ರ

ಜಯನಗರ ಏಳನೇ ಬ್ಲಾಕಿನ ದೊಡ್ಡಮ್ಮ, ಜೆ.ಪಿ. ನಗರದ ಸೋದರಮಾವ, ಬಿಟಿಎಂ ಲೇಔಟಿನ ಚಿಕ್ಕಪ್ಪ ಹಾಗೂ ಬನಶಂಕರಿಯ ನಮ್ಮ ಬೀದಿಯ ಸಮಸ್ತ ಹಿತೈಷಿಗಳಿಗೆ,

ನಾನಿಲ್ಲಿ ಕ್ಷೇಮ ಎಂದು ಶುರುಮಾಡುವುದು ಪದ್ಧತಿ. ಆದರೆ ಮೊದಲ ವರ್ಷದ ಎಂಬಿಬಿಎಸ್ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿರುವವಳು ಹಾಗೆ ಬರೆದರೆ ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟಂತಾಗುತ್ತದೆ. ಅದನ್ನು ಕೊಡುವುದಕ್ಕೆ ನನಗಿನ್ನೂ ರಿಜಿಸ್ಟ್ರೇಷನ್ ನಂಬರ್ ಬಂದಿಲ್ಲ.

ವಿಷಯ ಇಷ್ಟೇ. ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಹೇಗೋ ದಡ ಸೇರುತ್ತವೆ. ಅನಾಟಮಿ ಹೋಗುವ ಲಕ್ಷಣ ಇದೆ. ನಾನೇ ಮೊದಲು ಹೇಳಿಬಿಡುವುದು ವಾಸಿ, ಏಕೆಂದರೆ ಪತ್ತೆ ಹಚ್ಚಲು ನೀವು ಪಡುತ್ತಿರುವ ಕಷ್ಟ ನೋಡಲಾಗುತ್ತಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಜಯನಗರ ನಾಲ್ಕನೇ 'ಟಿ' ಬ್ಲಾಕಿನಲ್ಲಿದೆ ಎಂದು ಗೊತ್ತಾದಾಗಿನಿಂದ ಮಾವ, "ಹೆಂಗೂ ವಾಕಿಂಗ್ ಆ ಕಡೆ ಹೋಗ್ತೀನಿ, ಒಂದ್ ಮಾತು ಕೇಳ್ಕೊಂಡ್ ಬರ್ಲಾ?" ಅನ್ನುತ್ತಿದ್ದಾರೆ. ಮಾವ, ಅದು 1996ರಿಂದ ಬೀದರ್‌ನಿಂದ ಚಾಮರಾಜನಗರದವರೆಗಿನ ಕಾಲೇಜುಗಳ ಪರೀಕ್ಷೆ ಹೊತ್ತುಕೊಂಡಿರುವ ಜಾಗ. ಎರಡು ಮಾರ್ಕ್ಸ್ ಕೊಸರು ಹಾಕಿಸಿಕೊಂಡು ಬರಲು ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿನ ತರಕಾರಿ ಅಂಗಡಿಯಲ್ಲ.

"ಹಗಲೂ ರಾತ್ರಿ ಓದಿ ಅದು ಹೇಗೆ ಫೇಲಾಗ್ತೀಯೇ?" ಎಂದು ದೊಡ್ಡಮ್ಮ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ನನ್ನ ಕೈಗೊಂದು ಫಿಬ್ಯುಲಾ ಕೊಟ್ಟರು. ಮೊಣಕಾಲಿನ ಕೆಳಗಿನ ತೆಳ್ಳನೆಯ ಮೂಳೆ, ನುಗ್ಗೇಕಾಯಿ ಗಾತ್ರದ್ದು. ಯಾವ ಸೈಡು ಎಂದು ಕೇಳಿದರು. ಬಲ ಅಂದೆ. ಅವರು ಕನ್ನಡಕ ತೆಗೆದರು. ಎಡ ಅಂದೆ. "ಇರೋದೇ ಎರಡು ಸೈಡಮ್ಮ, ಎರಡೂ ಆಯ್ತು" ಎಂದರು. ಆಮೇಲೆ ತಿಳಿಯಿತು, ನಾನು ಹಿಡಿದಿದ್ದೇ ತಲೆಕೆಳಗಾಗಿ. ಸ್ಪಾಟರ್ಸ್ ಇನ್ನೊಂದು ಬಗೆ. ಮೇಜಿನ ಮೇಲೊಂದು ಅಂಗ, ಅದಕ್ಕೆ ಚುಚ್ಚಿದ ಪಿನ್ನು. ಅದೇನು ಎಂದು ಹೊಳೆಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಬನಶಂಕರಿ ದೇವಸ್ಥಾನದ ಕ್ಯೂನಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ" ಅಂದ ಹಾಗೆ, ದರ್ಶನವಾಗದೆಯೇ ಮುಂದಕ್ಕೆ ಸರಿಯಬೇಕು.

ಥಿಯರಿಯಲ್ಲಿ ಬ್ರೇಕಿಯಲ್ ಪ್ಲೆಕ್ಸಸ್ ಬಂದಿತ್ತು. ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಜಾಲ ಅದು. ಐದು ರೂಟು ಕೂಡಿ ಮೂರು ಟ್ರಂಕು, ಅವು ಒಡೆದು ಆರು ಡಿವಿಷನ್, ಮತ್ತೆ ಕೂಡಿ ಮೂರು ಕಾರ್ಡು, ಕೊನೆಗೆ ಐದು ಕವಲು. ಚಿಕ್ಕಪ್ಪ, ನೀವು ಇಪ್ಪತ್ತು ವರ್ಷದಿಂದ ಬಿಟಿಎಂನಲ್ಲಿದ್ದೀರಿ. ಜಯದೇವ ಜಂಕ್ಷನ್ನಿನಲ್ಲಿ ಕೆಳಗೆ ಅಂಡರ್‌ಪಾಸ್, ಅದರ ಮೇಲೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ಮೆಟ್ರೋ. ಯಾವುದರಿಂದ ಎಲ್ಲಿಗೆ ಇಳಿಯಬೇಕು ಎಂದು ಇವತ್ತಿಗೂ ಆಟೋದವರನ್ನೇ ಕೇಳುತ್ತೀರಿ. ನನಗೆ ಇಡೀ ದೇಹಕ್ಕೆ ಸಿಕ್ಕಿದ್ದು ಒಂದು ವರ್ಷ, ಅದೂ ಫಾರ್ಮಾಲಿನ್ ವಾಸನೆಯ ನಡುವೆ.

ನಮ್ಮಲ್ಲಿ ಪಾಸಿಗೆ ಒಟ್ಟಾರೆ ನೂರಕ್ಕೆ 50 ಬೇಕು. ಮಾವ ತಮ್ಮ ಎಸ್ಸೆಸ್ಸೆಲ್ಸಿಯ 35ರ ಸಾಹಸವನ್ನು ಇಲ್ಲಿಗೆ ಎಳೆದು ತರುವುದು ಬೇಡ. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಎರಡು ಪತ್ರಿಕೆಗಳಿರುವ ವಿಷಯಗಳಿಗೆ 40 ಸಾಕು ಅಂದಿತು. ಕೆಲವೇ ವಾರಗಳಲ್ಲಿ ವಾಪಸ್ ತೆಗೆದುಕೊಂಡಿತು. ಆಷಾಢದ ಬಿಸಿಲಿನ ಹಾಗೆ ಬಂದು ಹೋದ ಆ ಸುಖ ನಮ್ಮ ಸೀನಿಯರುಗಳಿಗೂ ದಕ್ಕಲಿಲ್ಲ. ಆದರೆ ಅದೇ ಆಯೋಗದ ನಿಯಮದಲ್ಲಿ ಇನ್ನೊಂದು ಮಾತಿದೆ, ಅದನ್ನು ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಓದುವುದಿಲ್ಲ. ಮೊದಲ ವರ್ಷ ದಾಟಲು ನಾಲ್ಕು ಅವಕಾಶ, ಇಡೀ ಕೋರ್ಸ್ ಮುಗಿಸಲು ಸೇರಿದ ದಿನದಿಂದ ಒಂಬತ್ತು ವರ್ಷ. ಸಪ್ಲಿಮೆಂಟರಿಯಲ್ಲಿ ದಾಟಿದರೆ ನನ್ನ ಬ್ಯಾಚಿನಲ್ಲೇ ಇರುತ್ತೇನೆ. ಅದೂ ಹೋದರೆ ಜೂನಿಯರುಗಳ ಜೊತೆ ಕೂರುತ್ತೇನೆ. ಅಂದರೆ ನಾನು ಫೇಲಾಗಬಹುದು ಎಂದು ಆಯೋಗ ಊಹಿಸಿ, ಅದಕ್ಕೊಂದು ಬೆಂಚು ಹಾಕಿಟ್ಟಿದೆ. ಬೆಂಚು ಹಾಕದವರು ನೀವು ಮಾತ್ರ.

ಸಮಾಧಾನ ಹೇಳಿದವರನ್ನು ಮರೆಯಲಾರೆ. ಡಾರ್ವಿನ್ ಕೂಡ ಎಡಿನ್‌ಬರೋದಲ್ಲಿ ಡಾಕ್ಟರಿಕೆಯ ಓದನ್ನು ಅರ್ಧಕ್ಕೇ ಬಿಟ್ಟವನು ಎಂದು ಚಿಕ್ಕಪ್ಪ ವಾಟ್ಸಾಪ್ ಕಳಿಸಿದರು. ನಿಜವೇ. ಆದರೆ ಅವನಿಗೆ ದುಡ್ಡಿದ್ದ ಡಾಕ್ಟರ್ ಅಪ್ಪ ಇದ್ದರು, ಹತ್ತಿ ಹೋಗಲು ಒಂದು ಹಡಗು ಸಿಕ್ಕಿತು. ನನಗಿರುವುದು ಸಿಲ್ಕ್ ಬೋರ್ಡ್ ಕಡೆ ಹೋಗುವ ಬಸ್ಸು. ಎದುರುಮನೆಯ ಅಂಕಲ್, "ಫೇಲಾದ್ರೆ ಹಾಸ್ಯ ಬರಿ, ಚೆನ್ನಾಗ್ ಬರೀತೀಯ" ಅಂದರು. ಅಂಕಲ್, 'ಕೊರವಂಜಿ' ಹಾಸ್ಯಪತ್ರಿಕೆ ನಡೆಸಿದ ರಾಶಿಯವರು ಮೊದಲು ಡಾಕ್ಟರಾಗಿಯೇ ಆಮೇಲೆ ನಗಿಸಿದವರು. ಆ ದಾರಿಯಲ್ಲೂ ಅನಾಟಮಿ ಅಡ್ಡ ಬರುತ್ತದೆ.

ಅಜ್ಜಿ ಬನಶಂಕರಿಯಮ್ಮನಿಗೆ ಮಂಗಳವಾರ ಮಂಗಳವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿದರು. ಊರಿಗೆಲ್ಲ ಅಶುಭವಾದ ಹೊತ್ತಿನಲ್ಲೇ ಆ ತಾಯಿಗೆ ಪೂಜೆ, ಹಾಗಾಗಿ ನನ್ನ ಮೇಲೂ ಕರುಣೆ ಇದ್ದೀತು ಎಂಬ ಆಸೆ ನನಗಿದೆ. ನಿಂಬೆಹೋಳಿನಲ್ಲಿ ನನಗೆ ಕಂಡಿದ್ದು ಮಾತ್ರ ಬೆನ್ನುಹುರಿಯ ಅಡ್ಡ ಸೀಳು. ದೀಪ ಹಚ್ಚಿದ್ದನ್ನು ಅಮ್ಮ ಇಡೀ ಬೀದಿಗೆ ಹೇಳಿಕೊಂಡು ಬಂದರು. ಆದರೆ ಎರಡು ತಿಂಗಳು ನಿದ್ದೆ ಬಾರದೆ ನಾನು ಕೌನ್ಸೆಲರ್ ಹತ್ತಿರ ಹೋಗುತ್ತೇನೆ ಅಂದಾಗ ಬಾಗಿಲು ಹಾಕಿ, "ಮೆತ್ತಗೆ ಮಾತಾಡು, ಪಕ್ಕದ ಮನೆಯವರಿಗೆ ಕೇಳಿಸುತ್ತೆ" ಎಂದರು. ನಿಮ್ಹಾನ್ಸ್ ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಅದರ ಹೆಸರು ನಮ್ಮಲ್ಲಿ ಬರುವುದು ಬೈಗುಳವಾಗಿ ಮಾತ್ರ. ಕೊನೆಗೆ ಮಹಡಿ ಹತ್ತಿ, ನೀರಿನ ಟ್ಯಾಂಕಿನ ಹಿಂದೆ ನಿಂತು 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯವರು ಎಷ್ಟು ಪರ್ಸೆಂಟ್ ಎಂದು ಕೇಳಲಿಲ್ಲ. ಊಟ ಮಾಡಿದ್ರಾ ಎಂದು ಕೇಳಿದರು. ಸೀಟು ಸಿಕ್ಕಾಗಿನಿಂದ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ.

ತಾತ ಗೇಟಿಗೆ ಬೋರ್ಡ್ ಮಾಡಿಸಿದ್ದಾರೆ. 'ಡಾ.' ಎಂದು ಹಿತ್ತಾಳೆ ಅಕ್ಷರದಲ್ಲಿ ಮುಂಚೆಯೇ ಕೆತ್ತಿಸಿ, ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಾರೆ. ಇರಲಿ, ಹಿತ್ತಾಳೆ ಕೆಡುವುದಿಲ್ಲ.

ಫಲಿತಾಂಶ ಬಂದ ದಿನ ಎಲ್ಲರೂ ಮನೆಗೆ ಬನ್ನಿ. ಕಾಫಿ, ಕೋಡುಬಳೆ ಇರುತ್ತದೆ. ಪಾಸಾ ಫೇಲಾ ಎಂದು ಬಾಗಿಲಲ್ಲೇ ಕೇಳಿಬಿಡಿ, ಒಂದೇ ಸಲ ಉತ್ತರ ಹೇಳುತ್ತೇನೆ. ದೊಡ್ಡಮ್ಮ, ನಿಮ್ಮ ಥೈರಾಯ್ಡ್ ರಿಪೋರ್ಟ್ ಮಾತ್ರ ತರಬೇಡಿ, ಅದು ನನಗೆ ಅರ್ಥವಾಗುವುದಿಲ್ಲ.

ಇಂತಿ ನಿಮ್ಮ,
ಬನಶಂಕರಿಯ ಕೂಸು