ಪಿಎಚ್‌ಡಿಗೆ ಸೊಪ್ಪು ಹಾಕುವವರು

ಅರೆ-ಸಂರಚಿತ ಸಂದರ್ಶನದಲ್ಲಿ ಅರ್ಧ ಸಂರಚನೆ ಸಂಶೋಧಕರದು. ಉಳಿದರ್ಧ ರಾಮನಗರ ಸೀಮೆಯ ಜನರದು, ಅವರ ಅರ್ಧವೇ ದೊಡ್ಡದು. ಇವರು ಪ್ರಶ್ನೆಪಟ್ಟಿ ಬಿಚ್ಚುವ ಮೊದಲೇ ಅವರದು ಶುರು: "ಯಾವೂರಾಯ್ತು? ಯಾವ ಜನ? ಮದ್ವೆ ಆಗೈತಾ? ಇದುಕ್ಕೆ ಸರ್ಕಾರ ಎಷ್ಟು ಕೊಡ್ತದೆ?"

ಕಾಲ ನೋಡಿ ಹೋಗಬೇಕು. ಕನಕಪುರದ ಕಡೆ ರೇಷ್ಮೆಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದಿತೆಂದರೆ ಸುಮಾರು ಒಂದು ವಾರ ಮನೆಮಂದಿಗೆಲ್ಲ ಹಗಲಿರುಳು ಸೊಪ್ಪು ಹಾಕುವುದೇ ಕೆಲಸ. ಆಗ ಪಿಎಚ್‌ಡಿಗೆ ಯಾರೂ ಸೊಪ್ಪು ಹಾಕುವುದಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಮಾತಿಗೆ ಬರವಿಲ್ಲ. ಒಪ್ಪಿಗೆ ಪತ್ರ ಚಾಚಿದಿರೋ, ಮೌನ. "ಸೈನ್ ಹಾಕ್ಸ್ಕಳಾಕೆ ಬಂದೋರೆಲ್ಲ ಆಮೇಲೆ ವಸೂಲಿಗೆ ಬಂದವ್ರೆ ಸ್ವಾಮಿ!" ನ್ಯಾಯವಾದ ಮಾತೇ.

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು ಆಲೆಮರದ ತುಂಡನ್ನು ಲೇತಿಗೆ ಕೊಟ್ಟುಕೊಂಡೇ ಉತ್ತರಿಸುತ್ತಾರೆ. ರೆಕಾರ್ಡಿಂಗ್ ಕೇಳಿದರೆ ಗಿರ್ರ್ ಎಂಬ ಸದ್ದೇ ಪ್ರಧಾನ ಮಾಹಿತಿದಾರ. ಮಾಗಡಿಯಲ್ಲಿ ಅಜ್ಜಿಯನ್ನು ಕೇಳಿದರೆ ಜಗಲಿಯ ಮೇಲಿದ್ದವರೆಲ್ಲ ಹೇಳುತ್ತಾರೆ, ಅಜ್ಜಿಯೊಬ್ಬರನ್ನು ಬಿಟ್ಟು.

ರೆಕಾರ್ಡರ್ ಆರಿದ ಮೇಲೆ ಬಸ್‌ಸ್ಟಾಪಿನಲ್ಲಿ ನಿಜವಾದ ಸಂದರ್ಶನ. ದರ ಬಿದ್ದದ್ದು, ಮಗ ಬೆಂಗಳೂರು ಸೇರಿದ್ದು, ಎಲ್ಲ ಅಲ್ಲೇ. ಬರೆದುಕೊಳ್ಳಲು ಪೆನ್ನು ತೆಗೆದರೆ ಅದೂ ನಿಲ್ಲುತ್ತದೆ. ಆಮೇಲೆ ನೆನಪೇ ಗತಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಸಿಕ್ಕಾಗ ಮೈಸೂರು ಸೀಮೆಯ ಹಳ್ಳಿಯೊಂದರ ಕಥೆಯನ್ನು ಅವರು ನೆನಪಿನಿಂದಲೇ ಬರೆದರು. ಇಂದಿನ ಮಾರ್ಗದರ್ಶಕರು ನೆನಪನ್ನು ಒಪ್ಪುವುದಿಲ್ಲ. ಟ್ರಾನ್ಸ್‌ಕ್ರಿಪ್ಟ್ ಬೇಕಂತೆ, ಗಿರ್ರ್ ಸಮೇತ.